ಮಿತವ್ಯಯದ ಗೃಹಾಲಂಕಾರ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಹಿರಿಯರು ಇದನ್ನು ಹಣದ ವಿಷಯವಾಗಿ ಹೇಳುತ್ತಿದ್ದರೂ, ಹೋಲಿಕೆಗೆ ಅವರು ಆರಿಸಿಕೊಂಡದ್ದು ಮನೆಯೊಳಗಿನ ಒಂದು ಸಾಮಾನನ್ನೇ ಎಂಬುದು ಗಮನಿಸತಕ್ಕ ಮಾತು. ಮಿತವ್ಯಯವೂ ಗೃಹಾಲಂಕಾರವೂ ಒಂದಕ್ಕೊಂದು ವೈರಿಗಳಲ್ಲ; ಒಂದೇ ಹಾಸಿಗೆಯ ಎರಡು ಅಂಚುಗಳು.

ಶಾಲೆಯನ್ನು ಬಿಟ್ಟು, ಮದುವೆಯಾಗಿ, ಹೊಸದಾಗಿ ಸಂಸಾರ ಹೂಡಿದ ವಿದ್ಯಾರ್ಥಿನಿಯರು ನಮ್ಮನ್ನು ಕಾಣಲು ಬಂದಾಗ ಆಗಾಗ್ಗೆ ಕೇಳುವ ಪ್ರಶ್ನೆ ಒಂದುಂಟು: “ವರಮಾನ ಸ್ವಲ್ಪ, ಇರುವುದು ಬಾಡಿಗೆಯ ಮನೆ, ನಾಲ್ಕು ಜನ ಬಂದರೆ ನೋಡುವ ಹಾಗೆ ಇಟ್ಟುಕೊಳ್ಳುವುದು ಹೇಗೆ?” ಪ್ರಶ್ನೆ ಸಾಧುವಾದದ್ದೇ. ಆದರೆ ಅದರಲ್ಲಿ ಒಂದು ತಪ್ಪು ಸೇರಿಕೊಂಡಿದೆ. ಮನೆಯನ್ನು ಅಲಂಕರಿಸಬೇಕಾದದ್ದು ಬರುವ ನಾಲ್ಕು ಜನರಿಗಾಗಿ ಅಲ್ಲ, ಅಲ್ಲಿಯೇ ಇರುವವರಿಗಾಗಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ; ಮಿಕ್ಕದ್ದೆಲ್ಲ ಇದರ ವಿವರಣೆ.

ಕೆಲವು ವರ್ಷಗಳ ಹಿಂದೆ, ಒಂದು ಸಂಜೆ, ನಮ್ಮ ಸೀಮೆಯ ಒಂದು ಮನೆಗೆ ಹೋಗಿದ್ದೆನು. ಮನೆಯ ಒಡತಿ ನನ್ನ ಬಳಿಯೇ ಓದಿದವಳು. ಪಡಸಾಲೆಯ ಮುಕ್ಕಾಲು ಭಾಗವನ್ನು ಹೊಸ ಸೋಫಾ ತುಂಬಿತ್ತು. ಮಾಸೀತೆಂದು ಅದರ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ಗಾಜಿನ ಕಪಾಟು ಬೆಳಕು ಬರುವ ಕಿಟಕಿಗೇ ಅಡ್ಡವಾಗಿ ನಿಂತಿತ್ತು; ಅದರೊಳಗೆ ಕಾಗದದ ಹೂಗಳು. ಹತ್ತನೆಯ ತರಗತಿಯಲ್ಲಿದ್ದ ಮಗಳು ಮಾತ್ರ ಹೊರಗಡೆ ಜಗಲಿಯ ಮೇಲೆ ಕುಳಿತು, ಇಳಿಯುತ್ತಿದ್ದ ಬೆಳಕಿನಲ್ಲಿ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು.

“ಒಳಗೆ ಕೂತು ಓದಬಾರದೇನಮ್ಮಾ?” ಎಂದೆನು.

“ಒಳಗೆ ಕತ್ತಲೆ, ಟೀಚರಮ್ಮ. ಸೋಫಾದ ಮೇಲೆ ಪುಸ್ತಕ ಹರಡಿದರೆ ಅಮ್ಮ ಬಯ್ಯುತ್ತಾರೆ” ಎಂದಳು.

ತಾಯಿಯನ್ನು ಕೇಳಿದಾಗ ಅವಳು ನಾಚಿಕೆಯಿಂದ, “ಬಂದವರು ಏನೆಂದುಕೊಂಡಾರು ಎಂದು ಕಂತಿನ ಮೇಲೆ ತೆಗೆದುಕೊಂಡೆವು, ಟೀಚರಮ್ಮ. ಇನ್ನೂ ಏಳು ಕಂತು ಇವೆ. ಇವಳ ಕಾಲೇಜಿನ ವಿಚಾರ ಅದು ತೀರಿದ ಮೇಲೆ ನೋಡೋಣ ಎಂದು ಮನೆಯವರು ಅಂದಿದ್ದಾರೆ” ಎಂದು ಹೇಳಿದಳು.

ಆ ರಾತ್ರಿ ನನಗೆ ಅವಳ ಮೇಲೆ ಬಂದ ಬೇಸರಕ್ಕಿಂತ ನನ್ನ ಮೇಲೆಯೇ ಬಂದ ಬೇಸರ ಹೆಚ್ಚಾಗಿತ್ತು. ಮೇಜಿನ ಹಾಸಿಗೆ ಕಸೂತಿ ಹಾಕುವುದನ್ನೂ ಹೂಜಿಯಲ್ಲಿ ಹೂ ಜೋಡಿಸುವುದನ್ನೂ ನಾನು ಅವಳಿಗೆ ಕಲಿಸಿದ್ದೆನು. ಅಲಂಕಾರದ ಲೆಕ್ಕವನ್ನು ಕಲಿಸಿರಲಿಲ್ಲ. ಆ ಲೆಕ್ಕ ಕಷ್ಟವಾದದ್ದಲ್ಲ. ೨೪,೦೦೦ ರೂಪಾಯಿಯ ಸಾಮಾನನ್ನು ತಿಂಗಳಿಗೆ ೨,೫೦೦ರಂತೆ ೧೨ ಕಂತುಗಳಲ್ಲಿ ಕೊಂಡರೆ ಕೊಟ್ಟದ್ದು ೩೦,೦೦೦ ಆಯಿತು. ಹೆಚ್ಚಾಗಿ ತೆತ್ತ ೬,೦೦೦ ರೂಪಾಯಿಗೆ ಮನೆಯೊಳಗೆ ಬಂದ ವಸ್ತು ಯಾವುದು? ಯಾವುದೂ ಇಲ್ಲ. ಅದೇ ೨,೫೦೦ನ್ನು ಹತ್ತು ತಿಂಗಳು ಕೂಡಿಟ್ಟಿದ್ದರೆ ಸೋಫಾವೂ ಬಂದು ೧,೦೦೦ ರೂಪಾಯಿ ಕೈಯಲ್ಲಿ ಉಳಿಯುತ್ತಿತ್ತು. ಮೇಲಾಗಿ ಆ ಹತ್ತು ತಿಂಗಳಲ್ಲಿ, ಅದು ಬೇಕೋ ಬೇಡವೋ ಎಂದು ಯೋಚಿಸುವುದಕ್ಕೆ ಅವಕಾಶವೂ ಇರುತ್ತಿತ್ತು.

ಹಾಗಾದರೆ ಸ್ವಲ್ಪ ಹಣದಲ್ಲಿ ಮಾಡಬಹುದಾದದ್ದೇನು? ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಈ ನಾಡು ಮಳೆ ಕಡಮೆಯಾದ, ಬಿಸಿಲು ಹೆಚ್ಚಾದ, ಆಷಾಢ ಬಂತೆಂದರೆ ಧೂಳೆಬ್ಬಿಸುವ ಗಾಳಿ ಬೀಸುವ ಬಯಲುಸೀಮೆ. ಇಲ್ಲಿಯ ಹಳೆಯ ಮಾಳಿಗೆಮನೆಗಳನ್ನು ನೆನೆಯಿರಿ: ದಪ್ಪನಾದ ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದಿಸಿದ ಸಮತಲದ ಮಾಡು, ನಡುವೆ ಬೆಳಕಿಂಡಿ, ಗೋಡೆಯಲ್ಲಿಯೇ ತೋಡಿದ ಗೂಡುಗಳು, ಮುಂದೆ ಜಗಲಿ. ಆ ಮನೆಗಳ ಹೆಂಗಸರು ಹಬ್ಬ ಹತ್ತಿರ ಬಂದಾಗ “ಸಾರಣೆ ಕಾರಣೆ” ಮಾಡುತ್ತಿದ್ದರು. ನೆಲವನ್ನು ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ ಎಳೆದು, ಅಂಚಿಗೆ ಬಿಳಿಯ ರೇಖೆ ಕೊಡುವುದು. ಖರ್ಚು ಅತ್ಯಲ್ಪ, ಆದರೆ ಮನೆ ಹೊಸ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು. ಕೆಮ್ಮಣ್ಣಿನ ಪಟ್ಟೆ ಅಂದಕ್ಕೆ ಮಾತ್ರ ಇದ್ದದ್ದಲ್ಲವೆಂಬುದನ್ನೂ ನೋಡಿರಿ. ನೆಲ ಗುಡಿಸುವಾಗ, ಸಾರಿಸುವಾಗ, ಮಳೆ ಬಂದು ಮಣ್ಣು ಸಿಡಿಯುವಾಗ ಮಾಸುವುದು ಗೋಡೆಯ ಬುಡವೇ. ಕೊಳೆ ಕಾಣದ ಬಣ್ಣವನ್ನು ಕೊಳೆಯಾಗುವ ಕಡೆಯಲ್ಲಿ ಇಟ್ಟದ್ದು ಅವರ ಬುದ್ಧಿವಂತಿಕೆ. ಉಪಯೋಗವೇ ಅಲ್ಲಿ ಅಲಂಕಾರವಾಯಿತು.

ಈ ದಾರಿಯನ್ನೇ ಹಿಡಿದು ಕೆಲಸವನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯ ಕೆಲಸಕ್ಕೆ ಒಂದು ಕಾಸೂ ಬೇಡ. ಅದು ಹೊರಹಾಕುವ ಕೆಲಸ. ಒಂದು ರಜೆಯ ದಿನ ಒಂದು ಕೋಣೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಬರಿದಾದ ಕೋಣೆಯನ್ನು ಒಂದು ಗಳಿಗೆ ನಿಂತು ನೋಡಿರಿ. ಅದು ಎಷ್ಟು ದೊಡ್ಡದೆಂದು ನಿಮಗೇ ಆಶ್ಚರ್ಯವಾಗುವುದು. ಬಳಿಕ ಒಂದೊಂದೇ ವಸ್ತುವನ್ನು ಕೈಗೆತ್ತಿಕೊಂಡು, ಕಳೆದ ಒಂದು ವರ್ಷದಲ್ಲಿ ಇದನ್ನು ಉಪಯೋಗಿಸಿದೆವೆ, ಇಲ್ಲವೆ ಇದನ್ನು ನೋಡಿ ಮನಸ್ಸಿಗೆ ಸಂತೋಷವಾಯಿತೆ ಎಂದು ಕೇಳಿಕೊಳ್ಳಿರಿ. ಎರಡೂ ಇಲ್ಲದ್ದು ಒಳಗೆ ಬರಕೂಡದು. ಒಡೆದ ಹೂಜಿ, ಬಣ್ಣಗೆಟ್ಟ ಕಾಗದದ ಹೂ, ಕಳೆದ ವರ್ಷಗಳ ಕ್ಯಾಲೆಂಡರುಗಳು, ಯಾರೋ ಕೊಟ್ಟರೆಂದು ಇಟ್ಟುಕೊಂಡ ಬೊಂಬೆಗಳು ಇವೆಲ್ಲ ಧೂಳು ಹಿಡಿಯುವ ಬಲೆಗಳು. ನಮ್ಮ ಗಾಳಿಯ ಸೀಮೆಯಲ್ಲಿ ಪ್ರತಿಯೊಂದು ಸಾಮಾನೂ ದಿನಕ್ಕೊಮ್ಮೆ ಒರೆಸಬೇಕಾದ ಒಂದು ಹೊರೆಯೆಂದು ತಿಳಿಯಬೇಕು. ಇರುವ ಸಾಮಾನನ್ನು ಮರಳಿ ಇಡುವಾಗ ಕಿಟಕಿಗೂ ಬಾಗಿಲಿಗೂ ಅಡ್ಡವಾಗಿ ಯಾವುದನ್ನೂ ಇಡಬೇಡಿರಿ.

ಎರಡನೆಯದು ಗೋಡೆ. ಅಗ್ಗವಾದ ಬಳಿಕೆಗಳಲ್ಲಿ ಸುಣ್ಣಕ್ಕೆ ಸಮನಾದದ್ದು ಇಲ್ಲ. ಸುಣ್ಣವೆಂದರೆ ಬಡವರ ಬಣ್ಣವೆಂದು ಮೂಗು ಮುರಿಯುವವರು ಒಮ್ಮೆ ಮಾರಿಕಣಿವೆಗೆ ಹೋಗಿ ಬರಲಿ. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಮೈಸೂರಿನ ರಾಜಪ್ರತಿನಿಧಿಗಳಾಗಿದ್ದಾಗ, ೧೮೯೮ರಲ್ಲಿ, ವೇದಾವತಿಗೆ ಅಡ್ಡಲಾಗಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಆ ಕಟ್ಟೆ, ಸಿಮೆಂಟು ನಮ್ಮ ನಾಡಿನಲ್ಲಿ ಇನ್ನೂ ಹೆಚ್ಚಾಗಿ ಬಳಕೆಗೆ ಬಾರದಿದ್ದ ಕಾಲದ್ದು. ಅಲ್ಲಿ ಕಲ್ಲಿಗೆ ಕಲ್ಲನ್ನು ಹಿಡಿದುಕೊಂಡಿರುವುದು ಸುಣ್ಣದ ಗಾರೆಯೇ. ಇದರ ಗುಟ್ಟು ಸರಳವಾದದ್ದು. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ವಾಯು ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಎಂದರೆ ಸುಣ್ಣ ಬಳಿದ ಗೋಡೆಯ ಮೇಲಿರುವುದು ತೆಳ್ಳನೆಯ ಕಲ್ಲಿನದೇ ಒಂದು ಹೊದಿಕೆ. ಕ್ಷಾರಗುಣವುಳ್ಳದ್ದಾದುದರಿಂದ ಅದರ ಮೇಲೆ ಬೂಷ್ಟು ಬೇಗ ಬೆಳೆಯಲಾರದು. ಬೆಳ್ಳಗಿರುವುದರಿಂದ ಕಿಟಕಿಯಿಂದ ಬಂದ ಬೆಳಕನ್ನು ನುಂಗದೆ ಕೋಣೆಗೆ ಹಿಂದಿರುಗಿಸುತ್ತದೆ.

ಬಳಿಯುವ ಕ್ರಮವನ್ನು ಸರಿಯಾಗಿ ತಿಳಿಯದೆ ಮಾಡಿದವರೇ “ಸುಣ್ಣ ಕೈಗೆ ಅಂಟುತ್ತದೆ” ಎಂದು ದೂರುವವರು. ಸುಟ್ಟ ಸುಣ್ಣ ಒಂದು ಕಿಲೋಗ್ರಾಮಿಗೆ ಸುಮಾರು ೫ ಲೀಟರು ನೀರು ಬೇಕು. ಮಣ್ಣಿನ ಬಾನಿಯಲ್ಲಾಗಲಿ ಕಬ್ಬಿಣದ ಪಾತ್ರೆಯಲ್ಲಾಗಲಿ ಅರಳಿಸಬೇಕು; ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣವು ತಿಂದುಬಿಡುತ್ತದೆ. ಅರಳುವಾಗ ಅದು ಕೊತಕೊತನೆ ಕುದಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಕೂಡದು. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಹಾಗೇನಾದರೂ ಆದರೆ ಧಾರಾಳವಾಗಿ ತಣ್ಣೀರು ಹಾಕಿ ತೊಳೆಯುತ್ತಲೇ ಇದ್ದು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಅರಳಿದ ಸುಣ್ಣವನ್ನು ೨೪ ಗಂಟೆ ಹಾಗೆಯೇ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನು ಲೀಟರಿಗೆ ೪ ಗ್ರಾಮಿನಂತೆ ಬೆರೆಸಬೇಕು. ಗೋಂದು ಹಾಕದಿರುವುದೇ ಕೈಗೆ ಅಂಟುವುದಕ್ಕೆ ಮುಖ್ಯ ಕಾರಣ. ಬಟ್ಟೆಗೆ ಹಾಕುವ ನೀಲಿಯನ್ನು ಕಿಲೋಗ್ರಾಮು ಸುಣ್ಣಕ್ಕೆ ೩ ಗ್ರಾಮು ಮೀರದಂತೆ ಸೇರಿಸಿದರೆ ಹಳದಿಯ ಛಾಯೆ ಹೋಗಿ ಶುಭ್ರವಾದ ಬಿಳುಪು ಬರುತ್ತದೆ. ಗೋಡೆಯನ್ನು ಗುಡಿಸಿ, ನೀರು ಚಿಮುಕಿಸಿ, ತೆಳ್ಳಗೆ ಬಳಿಯಬೇಕು. ಕುಂಚವನ್ನು ಒಮ್ಮೆ ಮೇಲಿನಿಂದ ಕೆಳಕ್ಕೂ ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೂ, ಬಳಿಕ ಅಡ್ಡಲಾಗಿಯೂ ಎಳೆಯಬೇಕು. ಒಂದು ಕೈ ಒಣಗಿದ ಮೇಲೆಯೇ ಮತ್ತೊಂದು. ಹೊಸ ಗೋಡೆಗೆ ಮೂರು ಕೈ ಬೇಕು. ಹಳೆಯದಕ್ಕೆ ಒಂದೆರಡು ಸಾಕು.

ಎಣ್ಣೆಯ ಬಣ್ಣ ಬಳಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅಂಥ ಗೋಡೆಯನ್ನು ಸೋಪಿನ ನೀರಿನಿಂದ ಒರೆಸಿದರೇ ಅರ್ಧ ಹೊಸತಾಗುತ್ತದೆ. ಹಳೆಯ ಬಣ್ಣವನ್ನು ಒಣದಾಗಿ ಕೆರೆದು ತೆಗೆಯುವ ಸಾಹಸ ಬೇಡ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಪುಡಿ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಅವರ ಬುದ್ಧಿಯ ಬೆಳವಣಿಗೆಗೇ ಕೇಡಾಗಬಹುದು. ಬಾಡಿಗೆಯ ಮನೆಯವರು ಗೋಡೆ ಮುಟ್ಟುವ ಮೊದಲು ಮನೆಯ ಮಾಲೀಕರನ್ನು ಕೇಳುವುದು ಮರ್ಯಾದೆ. ಸುಣ್ಣ ಬಳಿಯುತ್ತೇವೆಂದರೆ ಬೇಡವೆನ್ನುವವರು ಅಪರೂಪ.

ಮೂರನೆಯದು ಬೆಳಕು ಮತ್ತು ಗಾಳಿ. ಕಿಟಕಿಯ ಪರದೆಗೆ ಹೊಸ ಬಟ್ಟೆ ಕೊಳ್ಳಬೇಕಾಗಿಲ್ಲ. ಉಟ್ಟು ಮೆತ್ತಗಾದ ಹತ್ತಿಯ ಸೀರೆಯೇ ಉತ್ತಮ. ಬೆಳಕನ್ನು ತಡೆಯದೆ ಧೂಳನ್ನು ತಡೆಯುತ್ತದೆ, ವಾರಕ್ಕೊಮ್ಮೆ ಒಗೆದರೂ ಕೆಡುವುದಿಲ್ಲ. ಒಂದೇ ಕೋಣೆಯ ಕಿಟಕಿಗಳಿಗೆಲ್ಲ ಒಂದೇ ಬಣ್ಣದ ಬಟ್ಟೆ ಇರಲಿ. ಅಷ್ಟರಿಂದಲೇ ಕೋಣೆಗೆ ಒಂದು ಶಿಸ್ತು ಬರುತ್ತದೆ. ಪಡುವಣ ಕಿಟಕಿಗೆ ಮಧ್ಯಾಹ್ನದ ಹೊತ್ತು ಈಚಲ ಚಾಪೆಯೊಂದನ್ನು ಇಳಿಬಿಟ್ಟು, ಸಂಜೆ ಸುತ್ತಿ ಕಟ್ಟಬಹುದು. ರಾತ್ರಿಯ ಬೆಳಕಿಗೆ, ೯ ವ್ಯಾಟಿನ ಎಲ್‌ಇಡಿ ದೀಪವೊಂದು ಹಿಂದಿನ ೬೦ ವ್ಯಾಟಿನ ಬುರುಡೆ ದೀಪದಷ್ಟು ಬೆಳಕನ್ನು ಕೊಡುತ್ತದೆ. ಸಾಲುಸಾಲಾಗಿ ಮಿನುಗುವ ಬಣ್ಣದ ದೀಪಗಳಿಗಿಂತ, ಓದುವ ಕಡೆ ಒಂದು, ಅಡಿಗೆ ಮಾಡುವ ಕಡೆ ಒಂದು ಒಳ್ಳೆಯ ದೀಪವಿರುವುದು ಮೇಲು.

ನಾಲ್ಕನೆಯದು ಕೂರುವ ಮತ್ತು ಮಲಗುವ ಏರ್ಪಾಡು. ಚಿಕ್ಕ ಪಡಸಾಲೆಗೆ ನೆಲದ ಮೇಲಿನ ಹಾಸೇ ಒಪ್ಪುತ್ತದೆ. ಬೇಕಾದಾಗ ಹತ್ತು ಜನರಿಗೆ ಎಡೆ, ಬೇಡವಾದಾಗ ಸುತ್ತಿಟ್ಟರೆ ಮಕ್ಕಳಿಗೆ ಆಟದ ಬಯಲು. ನಮ್ಮ ಜಿಲ್ಲೆಯ ಚಳ್ಳಕೆರೆಯ ಕಡೆ ನೇಯುವ ಕುರಿಯ ಉಣ್ಣೆಯ ಕಂಬಳಿ ಎಂಥ ಜಮಖಾನಕ್ಕೂ ಕಡಮೆಯಲ್ಲ. ಅದರ ಕಪ್ಪು ಮೈ ಬಿಳಿಯ ಗೋಡೆಯ ಕೆಳಗೆ ಎಷ್ಟು ಗಂಭೀರವಾಗಿ ಕಾಣುವುದೆಂದು ಹಾಸಿ ನೋಡಿದವರೇ ಬಲ್ಲರು. ಮಡಿಸಿಡುವಾಗ ಒಣಗಿದ ಬೇವಿನ ಎಲೆ ಇಟ್ಟು, ಆಗಾಗ ಬಿಸಿಲಿಗೆ ಹಾಕಿದರೆ ಹುಳು ಬೀಳದು. ಮುದುಕರಿಗೂ ಮೊಣಕಾಲು ನೋವಿನವರಿಗೂ ಒಂದು ಬೆಂಚೋ ಹಗ್ಗದ ಮಂಚವೋ ಇದ್ದೇ ಇರಬೇಕು. ಅದರ ಮೇಲೆ ಕೌದಿ ಹಾಸಿರಿ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯಲ್ಲಿ ಅಜ್ಜಿಯ ಸೀರೆಯೂ ಮಗುವಿನ ಅಂಗಿಯೂ ಪಕ್ಕಪಕ್ಕದಲ್ಲಿರುತ್ತವೆ. ಯಾವ ಅಂಗಡಿಯಲ್ಲಿ ಇಂಥದು ಸಿಕ್ಕೀತು? ಮೊಳಕಾಲ್ಮೂರಿನ ರೇಷ್ಮೆ ಸೀರೆ ಹರಿದುಹೋದರೂ ಅಂಚು ಸೆರಗುಗಳು ಗಟ್ಟಿಯಾಗಿರುವುದುಂಟು. ಅವನ್ನು ಬಿಡಿಸಿ ದಿಂಬಿನ ಚೀಲಕ್ಕೆ ಹೊಲಿದರೆ ಇಡೀ ಕೋಣೆಗೆ ಅದೊಂದೇ ಸಾಕು.

ಇಷ್ಟಾದ ಮೇಲೆ, ಐದನೆಯದಾಗಿ, ಶುದ್ಧ ಅಲಂಕಾರ. ಇಲ್ಲಿ ನಿಯಮ ಒಂದೇ: ಒಂದು ಕೋಣೆಗೆ ಒಂದು. ಜಪಾನಿನವರ ಹಳೆಯ ಮನೆಗಳಲ್ಲಿ ತೊಕೊನೋಮ ಎಂಬ ಒಂದು ಗೂಡು ಇರುತ್ತದೆ. ಅದರಲ್ಲಿ ಒಂದು ಚಿತ್ರದ ಸುರುಳಿ, ಒಂದು ಹೂವು; ಋತು ಬದಲಾದಂತೆ ಅವೂ ಬದಲಾಗುತ್ತವೆ. ಮಿಕ್ಕ ಗೋಡೆಯೆಲ್ಲ ಬರಿದು. ನಮ್ಮ ಮಣ್ಣಿನ ಗೋಡೆಯ ಗೂಡು ಇದಕ್ಕಿಂತ ಬೇರೆಯಾದದ್ದೇನೂ ಅಲ್ಲ. ಅಲ್ಲೊಂದು ಕುಂಬಾರನ ಪುಟ್ಟ ಕುಡಿಕೆ ಇಟ್ಟು, ಬೇಲಿಯ ಮೇಲೆ ಯಾರೂ ನೀರೆರೆಯದೆ ಹಳದಿಯಾಗಿ ಅರಳುವ ತಂಗಡಿಯ ಒಂದು ರೆಂಬೆಯನ್ನೋ, ಸುಗ್ಗಿಯಲ್ಲಿ ರಾಗಿಯ ನಾಲ್ಕು ತೆನೆಗಳನ್ನೋ ಇಡಿರಿ. ಗೂಡಿಲ್ಲದ ಮನೆಯಲ್ಲಿ ಒಂದು ಹಲಗೆ ಸಾಕು.

ಗೋಡೆಗೆ ಚಿತ್ರ ಬೇಕೆನ್ನುವವರಿಗೆ ನೆರೆಯ ಶಿವಮೊಗ್ಗ ಸೀಮೆಯ ದೀವರ ಹೆಂಗಸರು ಒಳ್ಳೆಯ ಗುರುಗಳು. ಅವರು ಬರೆಯುವ ಚಿತ್ತಾರಕ್ಕೆ ಕೆಮ್ಮಣ್ಣೇ ಕೆಂಪು, ಅಕ್ಕಿಯ ಹಿಟ್ಟೇ ಬಿಳಿ, ಹುರಿದು ಕರಿದಾದ ಅಕ್ಕಿಯೇ ಕಪ್ಪು, ಗುರಿಗೆಯ ಕಾಯಿಯೇ ಹಳದಿ. ಪುಂಡಿಯ ನಾರೇ ಕುಂಚ. ಅಂಗಡಿಯಿಂದ ತರಬೇಕಾದದ್ದು ಏನೂ ಇಲ್ಲ. ಬೇಕಾದದ್ದು ನೇರವಾದ ಗೆರೆ ಎಳೆಯುವ ಕೈ ಮತ್ತು ತಾಳ್ಮೆ. ಧಾರವಾಡದ ಕಡೆಯ ಕಸೂತಿಯೂ ಹಾಗೆಯೇ: ಬಟ್ಟೆಯ ಎಳೆಗಳನ್ನು ಎಣಿಸಿ ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರವನ್ನೂ ತೇರನ್ನೂ ಆನೆಯನ್ನೂ ಮೂಡಿಸುವ ವಿದ್ಯೆ. ದಪ್ಪ ನೇಯ್ಗೆಯ ಬಿಳಿಯ ಬಟ್ಟೆಯ ಮೇಲೆ ಒಂದೇ ಬಣ್ಣದ ದಾರದಿಂದ ಹಾಕಿ, ಚೌಕಟ್ಟಿಲ್ಲದೆ ತೂಗುಹಾಕಿದರೂ ಅಂದವೇ. ಶಾಲೆಯಲ್ಲಿ ಕಲಿತ ಸೂಜಿಯ ಕೆಲಸ ಪೆಟ್ಟಿಗೆಯಲ್ಲಿ ಮಡಿಸಿಡುವುದಕ್ಕಲ್ಲ.

ಆರನೆಯದನ್ನು ಕಡೆಗೆ ಹೇಳುತ್ತಿದ್ದರೂ ಮಾಡುವಾಗ ಅದು ಮೊದಲಾಗಬೇಕು. ಅದು ಮಕ್ಕಳ ಓದಿನ ಮೂಲೆ. ಕಿಟಕಿಯ ಬಳಿ, ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬೀಳುವಂತೆ ಎರಡು ಮೊಳದ ಜಾಗ ಬಿಡಿರಿ. ಒಂದು ಗಿಡ್ಡ ಮಣೆ, ಪುಸ್ತಕಕ್ಕೆ ಒಂದು ಹಲಗೆ, ರಾತ್ರಿಗೆ ಒಂದು ದೀಪ. ಹಣ್ಣಿನ ವ್ಯಾಪಾರಿಗಳು ಬಿಸಾಡುವ ಮರದ ಪೆಟ್ಟಿಗೆಯನ್ನು ಉಜ್ಜಿ ನಯಮಾಡಿ ನಿಲ್ಲಿಸಿದರೆ ಅದೇ ಪುಸ್ತಕದ ಕಪಾಟು. ಈ ಮೂಲೆಗೆ ಯಾವ ಅತಿಥಿಯೂ ಬರಬೇಕಾಗಿಲ್ಲ, ಯಾರೂ ಹೊಗಳಬೇಕಾಗಿಲ್ಲ. ಗಂಡುಮಗನಿಗೆ ಮೇಜು, ಹೆಣ್ಣುಮಗಳಿಗೆ ಜಗಲಿ ಎಂಬ ಭೇದವನ್ನು ಮಾತ್ರ ಮಾಡಬೇಡಿರೆಂದು ತಂದೆತಾಯಿಗಳನ್ನು ಬೇಡಿಕೊಳ್ಳುತ್ತೇನೆ.

ಮೊದಲು ಹೇಳಿದ ಆ ಮನೆಗೆ ಎರಡು ತಿಂಗಳಾದ ಮೇಲೆ ಮತ್ತೆ ಹೋಗಿದ್ದೆನು. ತಾಯಿಮಗಳಿಬ್ಬರೂ ಸೇರಿ ಗೋಡೆಗೆ ಸುಣ್ಣ ಬಳಿದಿದ್ದರು. ಗಾಜಿನ ಕಪಾಟು ಕಿಟಕಿಯನ್ನು ಬಿಟ್ಟು ಸರಿದಿತ್ತು. ಕಾಗದದ ಹೂಗಳ ಜಾಗದಲ್ಲಿ ಮಗಳ ಪುಸ್ತಕಗಳಿದ್ದವು. ಸೋಫಾದ ಪ್ಲಾಸ್ಟಿಕ್ ಹೊದಿಕೆ ಹೋಗಿ, ಕೌದಿ ಬಂದಿತ್ತು. ಹುಡುಗಿ ಅದರ ಮೇಲೆಯೇ ಕಾಲು ಮಡಚಿ ಕುಳಿತು ಓದುತ್ತಿದ್ದಳು. ಮನೆ ಅದೇ, ಸಾಮಾನು ಅದೇ. ಆದರೂ ಕಂತುಗಳು ಸುಣ್ಣದಿಂದ ಅಳಿಸಿಹೋಗುವಂಥವಲ್ಲ. ಅವು ತೀರುವ ತನಕ ಕಾಯಬೇಕಾಗಿ, ಆ ಹುಡುಗಿ ತನ್ನ ಜೊತೆಯವರಿಗಿಂತ ಒಂದು ವರ್ಷ ತಡವಾಗಿ ಕಾಲೇಜು ಸೇರಿದಳು. ಒಂದು ಸೋಫಾಕ್ಕೆ ತೆತ್ತ ನಿಜವಾದ ಬೆಲೆ ಅದು.

ನಮ್ಮ ವಾಣೀವಿಲಾಸ ಸಾಗರವು ೧೯೩೩ರಲ್ಲಿ ತುಂಬಿ ಕೋಡಿ ಹರಿದ ಮೇಲೆ, ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವಣ ೮೯ ವರ್ಷ ಅದು ತುಂಬಲಿಲ್ಲ. ಬರ ಬಂದಾಗ ತೆಂಗಿನ ಮರಗಳು ಒಣಗಿದ್ದೂ ಉಂಟು. ಆದರೂ ಇದ್ದ ನೀರನ್ನು ಅಳೆದು ನಾಲೆಗೆ ಬಿಟ್ಟು, ಹಿರಿಯೂರಿನ ಹೊಲ ತೋಟಗಳು ಅಷ್ಟು ಕಾಲ ಬಾಳಿದುವು. ಕೋಡಿ ಹರಿಯುವ ದಿನಕ್ಕಾಗಿ ಕಾದು ಕುಳಿತಿದ್ದರೆ ಒಂದು ತಲೆಮಾರು ಒಣಗಿಹೋಗುತ್ತಿತ್ತು. ಇಲ್ಲದ ನೀರನ್ನು ಇದೆಯೆಂದು ಹರಿಸಹೋಗಿದ್ದರೆ ಮುಂದಿನ ತಲೆಮಾರು ಒಣಗುತ್ತಿತ್ತು. ನಮ್ಮ ಮನೆಗಳೂ ಹಾಗೆಯೇ. ಸಂಪಾದನೆ ತುಂಬಿ ಹರಿದ ಮೇಲೆ ಅಂದವಾಗಿ ಬಾಳೋಣವೆನ್ನುವುದೂ ಬೇಡ. ನಾಳೆಯ ಹಣವನ್ನು ಇಂದೇ ಹರಿಸುವುದೂ ಬೇಡ. ಇದ್ದುದನ್ನು ಅಳೆದು, ಯಾರಿಗೆ ಬೇಕೋ ಅವರ ಕಡೆಗೆ ನಾಲೆ ತೋಡುವುದು ಗೃಹಿಣಿಯ ಜಾಣತನ.

ಆದುದರಿಂದ, ಪ್ರಿಯ ವಿದ್ಯಾರ್ಥಿನಿಯರೇ, ಮುಂದಿನ ಹಬ್ಬಕ್ಕೆ ಮನೆ ಸಿಂಗರಿಸುವಾಗ ಅಂಗಡಿಯ ದಾರಿ ಹಿಡಿಯುವ ಮೊದಲು ಒಂದು ಸಂಜೆ ನಿಮ್ಮ ಮನೆಯೊಳಗೆ ಸುತ್ತಿ ಬನ್ನಿರಿ. ಅತ್ತೆಯವರು ಎಲ್ಲಿ ಕುಳಿತುಕೊಳ್ಳುತ್ತಾರೆ, ದುಡಿದು ಬಂದವರು ಎಲ್ಲಿ ಒರಗುತ್ತಾರೆ, ಮಗು ಎಲ್ಲಿ ಓದುತ್ತದೆ ಎಂಬುದನ್ನು ನೋಡಿರಿ. ಅಲ್ಲಲ್ಲಿ ಸ್ವಲ್ಪ ಬೆಳಕು, ಸ್ವಲ್ಪ ಮೆತ್ತನೆ, ಸ್ವಲ್ಪ ಶುಭ್ರತೆ ಒದಗಿಸಿರಿ. ಬಂದವರು ಏನೆಂದುಕೊಂಡಾರು ಎಂಬ ಚಿಂತೆ ಬೇಡ. ಇರುವವರು ಸುಖವಾಗಿರುವ ಮನೆ ಬಂದವರಿಗೂ ಚೆನ್ನಾಗಿಯೇ ಕಾಣುತ್ತದೆ.